ಬಚ್ಚಲುಮನೆಯ ಸಂದುಗಳು

(ಸಂಘದ ಉಚಿತ ವಾಚನಾಲಯದ ತಿಂಗಳ ಉಪನ್ಯಾಸಮಾಲೆಯಲ್ಲಿ ಮುಂಬಯಿಯಲ್ಲಿ ಮಾಡಿದ ಭಾಷಣ)



ಈ ವೇದಿಕೆಯಲ್ಲಿ ಕಾವ್ಯ, ಇತಿಹಾಸ, ದಾಸಸಾಹಿತ್ಯ ಮೊದಲಾದ ವಿಷಯಗಳ ಮೇಲೆ ಮಾತು ನಡೆಯುವುದು ವಾಡಿಕೆ. ಬಚ್ಚಲುಮನೆಯ ಟೈಲುಗಳ ಸಂದಿನ ವಿಷಯವಾಗಿ ಮಾತನಾಡುತ್ತೇನೆಂದು ತಿಳಿಸಿದಾಗ ನಮ್ಮ ಕಾರ್ಯದರ್ಶಿಗಳು ಒಂದು ಕ್ಷಣ ಸುಮ್ಮನಿದ್ದು, ಬಳಿಕ, "ಅವಶ್ಯವಾಗಿ ಮಾತಾಡಿರಿ, ನಮ್ಮಲ್ಲಿಯೂ ಸೋರುತ್ತಿದೆ" ಎಂದರು. ಸಭೆಯಲ್ಲಿ ಈಗ ಎದ್ದ ನಗೆಯನ್ನು ನೋಡಿದರೆ ಸೋರುತ್ತಿರುವುದು ಅವರ ಮನೆಯೊಂದೇ ಅಲ್ಲವೆಂದು ತೋರುತ್ತದೆ.

ಊರಿನಲ್ಲಿ ನಮ್ಮ ಹಿರಿಯರ ಬಚ್ಚಲು ಭೂಮಿಯ ಮೇಲೆಯೇ ಇರುತ್ತಿತ್ತು. ಕಲ್ಲು ಚಪ್ಪಡಿ, ಪಕ್ಕದಲ್ಲಿ ನೀರೊಲೆ, ಹಂಡೆ. ಮಿಂದ ನೀರು ಹಿತ್ತಲಿಗೆ ಹರಿದು ಬಾಳೆಯ ಬುಡವನ್ನು ಸೇರುತ್ತಿತ್ತು. ಕಲ್ಲಿನ ಸಂದಿನಲ್ಲಿ ನಾಲ್ಕು ಚೊಂಬು ನೀರು ಇಂಗಿದರೆ ಕೇಳುವವರಿರಲಿಲ್ಲ. ಈ ನಗರದಲ್ಲಿ ಹಾಗಲ್ಲ. ಇಲ್ಲಿ ಒಬ್ಬನ ಬಚ್ಚಲಿನ ನೆಲವೇ ಇನ್ನೊಬ್ಬನ ತಲೆಯ ಮೇಲಿನ ಮಾಳಿಗೆ. ಮೇಲಿನ ಮನೆಯಲ್ಲಿ ಕೂದಲೆಳೆಯಷ್ಟು ಸಂದು ಬಿಟ್ಟರೆ ಕೆಳಗಿನ ಮನೆಯಲ್ಲಿ ಸುಣ್ಣ ಉದುರುತ್ತದೆ. ಸುಣ್ಣದ ಜೊತೆಗೆ ಅನೇಕ ವರ್ಷಗಳ ಸ್ನೇಹವೂ ಉದುರುವುದುಂಟು. ಆದುದರಿಂದ ಇದು ಗಾರೆಯ ವಿಷಯವಷ್ಟೇ ಅಲ್ಲ, ನೆರೆಹೊರೆಯ ವಿಷಯವೂ ಹೌದು.

ಮೊದಲು ಒಂದು ತಪ್ಪು ಕಲ್ಪನೆಯನ್ನು ಬಿಡಬೇಕು. ಟೈಲು ಹಾಕಿದ ನೆಲ ಸೋರಲಾರದೆಂದು ಬಹಳ ಜನ ನಂಬಿದ್ದಾರೆ. ಟೈಲಿನ ಮೆರುಗುಳ್ಳ ಮುಖ ನೀರನ್ನು ತಡೆಯುತ್ತದೆ, ನಿಜ. ಆದರೆ ನೆಲವೆಂದರೆ ಟೈಲುಗಳಷ್ಟೇ ಅಲ್ಲ, ಅವುಗಳ ನಡುವಣ ಸಂದುಗಳೂ ನೆಲವೇ. ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ. ಆರಡಿ ಉದ್ದ, ನಾಲ್ಕಡಿ ಅಗಲದ ಬಚ್ಚಲಿಗೆ ಒಂದಡಿ ಚೌಕದ ಟೈಲುಗಳನ್ನು ಹಾಕಿದರೆ 24 ಟೈಲುಗಳಾಗುತ್ತವೆ. ಅವುಗಳ ನಡುವಣ ಸಂದುಗಳನ್ನೆಲ್ಲ ಒಂದೇ ಗೆರೆಯಾಗಿ ಹಿಡಿದರೆ 38 ಅಡಿ. ಗೋಡೆಯ ಬುಡದ ಸುತ್ತಳತೆ 20 ಅಡಿ. ಒಟ್ಟು 58 ಅಡಿ ಉದ್ದದ ಸಂದು ನಮ್ಮ ಕಾಲ ಕೆಳಗೇ ಇದೆ. ಗೋಡೆಯ ಟೈಲುಗಳ ಲೆಕ್ಕ ಬೇರೆ. ಇಷ್ಟು ಉದ್ದದಲ್ಲಿ ಎಲ್ಲಿಯಾದರೂ ಒಂದು ಅಂಗುಲ ಬಾಯಿ ಬಿಟ್ಟರೆ ಸಾಕು, ನೀರಿಗೆ ದಾರಿಯಾಯಿತು.

ಟೈಲಿನ ಒಡಲು ಸಹ ಎಲ್ಲವೂ ಒಂದೇ ತರಹದ್ದಲ್ಲ. ಗೋಡೆಗೆ ಹಾಕುವ ಸಾಧಾರಣ ಸೆರಾಮಿಕ್ ಟೈಲಿನ ಒಡಲು ತನ್ನ ತೂಕದಲ್ಲಿ ನೂರಕ್ಕೆ 10ಕ್ಕಿಂತ ಹೆಚ್ಚು ನೀರನ್ನು ಹೀರಬಲ್ಲದು. ವಿಟ್ರಿಫೈಡ್ ಟೈಲು ನೂರಕ್ಕೆ ಅರ್ಧದಷ್ಟನ್ನೂ ಹೀರದು. ಮೆರುಗು ಮುಂದಿನ ಮುಖಕ್ಕೆ ಮಾತ್ರ ಇರುವುದರಿಂದ, ಸಂದಿನಲ್ಲಿ ಇಳಿದ ನೀರನ್ನು ಗೋಡೆಯ ಟೈಲು ಬೆನ್ನ ಕಡೆಯಿಂದ ಕುಡಿಯುತ್ತದೆ.

ಟೈಲಿನ ಕೆಳಗೆ ಏನಿದೆ ಎಂಬುದನ್ನೂ ತಿಳಿದಿರಬೇಕು. ಮುಂಬಯಿಯ ಕಟ್ಟಡಗಳಲ್ಲಿ ಕೊಳವೆಗಳನ್ನು ಹಾಯಿಸುವುದಕ್ಕಾಗಿ ಬಚ್ಚಲಿನ ಸ್ಲ್ಯಾಬನ್ನು ಉಳಿದ ಮನೆಗಿಂತ ತಗ್ಗಿಸಿ ಕಟ್ಟುವ ಪದ್ಧತಿ ಬಹಳವಾಗಿದೆ. ಆ ತಗ್ಗಿನಲ್ಲಿ ನೀರು ತಡೆಯುವ ಲೇಪವನ್ನು ಬಳಿದು, ಮೇಲೆ ಇಟ್ಟಿಗೆಯ ಚೂರುಗಳನ್ನು ಸಿಮೆಂಟಿನೊಡನೆ ತುಂಬುತ್ತಾರೆ. ಇದಕ್ಕೆ ಗವಂಡಿಗಳು ಕೋಬಾ ಎನ್ನುತ್ತಾರೆ. ಅದರ ಮೇಲೆ ಗಾರೆ, ಗಾರೆಯ ಮೇಲೆ ಟೈಲು. ನೀರನ್ನು ನಿಜವಾಗಿ ತಡೆಯತಕ್ಕದ್ದು ಕೆಳಗಿನ ಲೇಪ. ಮೇಲಿನ ಟೈಲು ಮತ್ತು ಸಂದು ಕೊಡೆಯಿದ್ದಂತೆ. ಕೊಡೆ ತೂತಾದರೆ ಇಟ್ಟಿಗೆಯ ಚೂರುಗಳ ನಡುವೆ ನೀರು ನಿಲ್ಲುತ್ತದೆ; ಕಣ್ಣಿಗೆ ಕಾಣದ ಒಂದು ತೊಟ್ಟಿಯೇ ಅಲ್ಲಿ ಏರ್ಪಡುತ್ತದೆ. ಲೇಪದಲ್ಲಿ ಎಲ್ಲಿ ದೋಷವಿದೆಯೋ ಅಲ್ಲಿಂದ ಆ ನೀರು ನಿಧಾನವಾಗಿ ಇಳಿಯುತ್ತದೆ. ಈ ಕಾರಣದಿಂದಲೇ ಬಚ್ಚಲನ್ನು ಎರಡು ದಿನ ಬಳಸದಿದ್ದರೂ ಕೆಳಗೆ ತೊಟ್ಟಿಕ್ಕುವುದು ಕೂಡಲೇ ನಿಲ್ಲುವುದಿಲ್ಲ.

ಇನ್ನು ಸಂದು ಏಕೆ ಬಾಯಿ ಬಿಡುತ್ತದೆ? ನಾಲ್ಕು ಕಾರಣಗಳನ್ನು ಹೇಳಬಹುದು.

ಮೊದಲನೆಯದು, ನೀರು ಹೆಚ್ಚಾದ ಸಿಮೆಂಟು. ಬಿಳಿ ಸಿಮೆಂಟನ್ನು ಮಜ್ಜಿಗೆಯಂತೆ ತೆಳ್ಳಗೆ ಕಲಸಿ ಬಟ್ಟೆಯಿಂದ ಒರಸಿಬಿಟ್ಟರೆ ಕೆಲಸ ಬೇಗ ಮುಗಿಯುತ್ತದೆ. ಆದರೆ ಹೆಚ್ಚಿನ ನೀರು ಆರಿಹೋದ ಮೇಲೆ ಸಿಮೆಂಟು ಕುಗ್ಗುತ್ತದೆ. ಸೂಜಿಮೊನೆಯಂಥ ತೂತುಗಳು ಉಳಿಯುತ್ತವೆ. ಎರಡನೆಯದು, ಪೊಳ್ಳು. ಟೈಲಿನ ಹಿಂದೆ ಪೂರ್ತಿ ಗಾರೆ ಹಚ್ಚದೆ ನಾಲ್ಕು ಮೂಲೆಗೆ ನಾಲ್ಕು ಉಂಡೆ ಇಟ್ಟು ಒತ್ತಿದರೆ ನಡುವೆ ಗಾಳಿ ಉಳಿಯುತ್ತದೆ. ಕಾಲಿಟ್ಟಾಗ ಟೈಲು ಅಲುಗುತ್ತದೆ, ಅಲುಗಿದಾಗ ಸಂದು ಒಡೆಯುತ್ತದೆ. ಒಂದು ನಾಣ್ಯದಿಂದ ತಟ್ಟಿ ನೋಡಿರಿ. ಪೊಳ್ಳಿರುವ ಕಡೆ ಸದ್ದೇ ಬೇರೆ. ಮೂರನೆಯದು, ಕಟ್ಟಡದ ಚಲನೆ. ಗೋಡೆ ಮತ್ತು ನೆಲ ಒಂದೇ ಜೀವವಲ್ಲ. ಬಿಸಿನೀರು ಬಿದ್ದಾಗ ಹಿಗ್ಗುವುದು, ಆರಿದಾಗ ಕುಗ್ಗುವುದು, ಭಾರಕ್ಕೆ ಸ್ಲ್ಯಾಬು ತುಸು ಬಾಗುವುದು, ಇವೆಲ್ಲ ಬೇರೆ ಬೇರೆಯಾಗಿ ನಡೆಯುತ್ತವೆ. ಅವೆರಡೂ ಕೂಡುವ ಮೂಲೆಯಲ್ಲಿ ಗಟ್ಟಿ ಸಿಮೆಂಟು ತುಂಬಿದರೆ ಅದು ಸೀಳದೆ ಇರಲಾರದು.

ನಾಲ್ಕನೆಯ ಕಾರಣ ನಾವೇ ತಂದುಕೊಳ್ಳುವಂಥದು: ಆ್ಯಸಿಡ್. ಕಲೆ ಹೋಗಲೆಂದು ವಾರಕ್ಕೊಮ್ಮೆ ನೆಲಕ್ಕೆ ಆ್ಯಸಿಡ್ ಸುರಿಯುವ ಮನೆಗಳು ಎಷ್ಟಿಲ್ಲ! ಅದು ಹೈಡ್ರೋಕ್ಲೋರಿಕ್ ಆಮ್ಲ. ಅದು ಬಿದ್ದಾಗ ಬುರುಬುರು ನೊರೆ ಏಳುವುದನ್ನು ಕಂಡು ಕೊಳೆ ಹೋಯಿತೆಂದು ಸಂತೋಷಪಡುತ್ತೇವೆ. ಆ ನೊರೆಯಲ್ಲಿ ಕರಗುತ್ತಿರುವುದು ಕೊಳೆ ಮಾತ್ರವಲ್ಲ, ಸಂದಿನ ಸಿಮೆಂಟೂ ಹೌದು. ಇನ್ನೂ ಒಂದು ಮಾತನ್ನು ದಯಮಾಡಿ ಮನೆಯವರಿಗೆಲ್ಲ ತಿಳಿಸಿರಿ. ಆ್ಯಸಿಡ್ಡನ್ನೂ ಬ್ಲೀಚಿಂಗ್ ಪುಡಿಯನ್ನೂ ಎಂದಿಗೂ ಕೂಡಿಸಕೂಡದು. ಎರಡೂ ಸೇರಿದರೆ ಕ್ಲೋರಿನ್ ಎಂಬ ವಿಷವಾಯು ಹುಟ್ಟುತ್ತದೆ. ಕಿಟಕಿಯಿಲ್ಲದ ಸಣ್ಣ ಬಚ್ಚಲಿನಲ್ಲಿ ಅದು ಪ್ರಾಣಕ್ಕೇ ಅಪಾಯ. ದಿನನಿತ್ಯದ ಕೆಲಸಕ್ಕೆ ಸಾಬೂನಿನ ನೀರು ಮತ್ತು ಒಂದು ಬ್ರಶ್ಶು ಸಾಕು.

ಸೋರಿಕೆ ಕಂಡೊಡನೆ ಗವಂಡಿಯನ್ನು ಕರೆದು ನೆಲ ಒಡೆಸುವುದು ಆತುರದ ಕೆಲಸ. ಮೊದಲು ನೀರು ಎಲ್ಲಿಂದ ಬರುತ್ತಿದೆ ಎಂದು ಪತ್ತೆ ಮಾಡಬೇಕು. ಇದಕ್ಕೆ ಒಂದು ಕ್ರಮವುಂಟು.

ಮೇಲಿನ ಮನೆಯವರು ಮೂರು ನಾಲ್ಕು ದಿನ ಆ ಬಚ್ಚಲಿಗೆ ನೀರು ಹಾಕದಿರಲಿ, ಆದರೆ ನಲ್ಲಿಯ ಕೊಳವೆಗೆ ನೀರು ಬರುತ್ತಿರಲಿ. ಆಗಲೂ ಕೆಳಗಿನ ಕಲೆ ಆರದೆ ಮೊದಲಿನಷ್ಟೇ ತೊಟ್ಟಿಕ್ಕುತ್ತಿದ್ದರೆ ಸಂಶಯ ನೀರು ಬರುವ ಕೊಳವೆಯ ಮೇಲೆ. ಕಲೆ ಆರತೊಡಗಿದರೆ ಮುಂದಿನ ಪರೀಕ್ಷೆ: ನೆಲ ಒದ್ದೆಯಾಗದಂತೆ, ಒಂದು ರಬ್ಬರು ಕೊಳವೆಯಿಂದ ನೇರವಾಗಿ ನಹಾನಿ ಟ್ರ್ಯಾಪಿನೊಳಕ್ಕೆ ನೀರು ಬಿಡಿರಿ. ಕೆಳಗೆ ಒದ್ದೆಯಾದರೆ ದೋಷ ಟ್ರ್ಯಾಪಿನಲ್ಲಿ ಅಥವಾ ಹೊರಹೋಗುವ ಕೊಳವೆಯಲ್ಲಿ. ಅದೂ ಸರಿಯಿದ್ದರೆ ಟ್ರ್ಯಾಪಿನ ಬಾಯನ್ನು ಮುಚ್ಚಿ ನೆಲದ ಮೇಲೆ ಒಂದು ಅಂಗುಲ ನೀರನ್ನು ಒಂದು ದಿನ ಪೂರ್ತಿ ನಿಲ್ಲಿಸಿರಿ. ಈಗ ಒದ್ದೆಯಾದರೆ ನೆಲದ ಸಂದು ಮತ್ತು ಅದರ ಕೆಳಗಿನ ಲೇಪ ಎರಡೂ ಕೆಟ್ಟಿವೆ ಎಂದರ್ಥ. ಕೊನೆಯದಾಗಿ ಗೋಡೆಯ ಟೈಲುಗಳಿಗೆ ಮಾತ್ರ ನೀರು ಎರಚಿ ನೋಡಬೇಕು. ಎರಡು ಪರೀಕ್ಷೆಗಳ ನಡುವೆ ಕಲೆ ಆರಲು ಅವಕಾಶ ಕೊಡಬೇಕು. ಮಳೆಗಾಲದಲ್ಲಿ ಮಾತ್ರ ಸೋರುವ ಮನೆಯಾದರೆ ಬಚ್ಚಲನ್ನು ದೂರುವುದಕ್ಕೆ ಮೊದಲು ಹೊರಗೋಡೆಯನ್ನು ನೋಡಿರಿ. ಇಷ್ಟಕ್ಕೂ ಬೇಕಾಗುವುದು ಒಂದು ಬಕೀಟು, ಒಂದು ರಬ್ಬರು ಕೊಳವೆ, ಮತ್ತು ಎರಡು ಮನೆಯವರ ಸಹಕಾರ. ಮೂರನೆಯದು ಸಿಗುವುದೇ ಕಷ್ಟ.

ಈಗ ಸಂದು ತುಂಬುವ ಸಾಮಗ್ರಿಗಳು. ಇಂದು ಅಂಗಡಿಯಲ್ಲಿ ನಾಲ್ಕು ಬಗೆ ಸಿಗುತ್ತವೆ. ಬಿಳಿ ಸಿಮೆಂಟು ಅಗ್ಗ, ಆದರೆ ಸೂಕ್ಷ್ಮ ರಂಧ್ರಗಳುಳ್ಳದ್ದು. ನೀರನ್ನು ಹೀರುತ್ತದೆ, ಕಪ್ಪಾಗುತ್ತದೆ. ಸಿಮೆಂಟಿನೊಡನೆ ಪಾಲಿಮರ್ ಬೆರೆಸಿ ಪೊಟ್ಟಣದಲ್ಲಿ ಮಾರುವ ಗ್ರೌಟು ಅದಕ್ಕಿಂತ ಉತ್ತಮ; ಬಿರುಕು ಕಡಿಮೆ. ಮೂರನೆಯದು ಎಪಾಕ್ಸಿ ಗ್ರೌಟು: ರಾಳ, ಅದನ್ನು ಗಟ್ಟಿಮಾಡುವ ದ್ರವ, ನುಣ್ಣನೆಯ ಪುಡಿ, ಇವುಗಳ ಮಿಶ್ರಣ. ನೀರನ್ನು ಹೀರುವುದು ಬಹಳ ಕಡಿಮೆ, ಕಲೆ ಹಿಡಿಯದು, ಬೆಲೆ ಮಾತ್ರ ಹೆಚ್ಚು. ನಾಲ್ಕನೆಯದು ಸಿಲಿಕೋನು. ಇದು ಆರಿದ ಮೇಲೂ ರಬ್ಬರಿನಂತೆ ಬಳುಕುತ್ತದೆ.

ಯಾವುದು ಎಲ್ಲಿಗೆ? ನೆನಪಿನಲ್ಲಿಡಲು ಒಂದು ಸೂತ್ರ ಹೇಳುತ್ತೇನೆ: ಟೈಲಿಗೂ ಟೈಲಿಗೂ ನಡುವೆ ಗಟ್ಟಿ ಸಂದು, ಗೋಡೆಗೂ ನೆಲಕ್ಕೂ ನಡುವೆ ಮೆದು ಸಂದು. ಅಂದರೆ ಸಮತಲದಲ್ಲಿರುವ ಟೈಲುಗಳ ನಡುವೆ ಗ್ರೌಟು. ಗೋಡೆಯ ಬುಡ, ಎರಡು ಗೋಡೆ ಕೂಡುವ ಮೂಲೆ, ಕಮೋಡಿನ ಸುತ್ತ, ಬೇಸಿನ್ನಿನ ಅಂಚು, ಗೋಡೆಯಿಂದ ನಲ್ಲಿ ಹೊರಬರುವ ಜಾಗ, ಹೊಸ್ತಿಲ ಕಲ್ಲಿನ ಅಂಚು ಇಲ್ಲೆಲ್ಲ ಸಿಲಿಕೋನು.

ಕೆಲಸದ ವಿಧಾನವನ್ನು ಹೇಳುತ್ತೇನೆ. ಹಳೆಯ ಗ್ರೌಟಿನ ಮೇಲೆಯೇ ಹೊಸದನ್ನು ಬಳಿಯುವುದು ವ್ಯರ್ಥ, ಹಪ್ಪಳದಂತೆ ಎದ್ದುಬರುತ್ತದೆ. ಟೈಲಿನ ದಪ್ಪದ ಮೂರರಲ್ಲಿ ಎರಡು ಪಾಲಿನಷ್ಟು ಆಳಕ್ಕಾದರೂ ಹಳೆಯದನ್ನು ಕೆರೆದು ತೆಗೆಯಬೇಕು. ಯಂತ್ರದಿಂದ ಕೆರೆಯುವುದಾದರೆ ಮೂಗು ಬಾಯಿಗೆ ಮುಖವಾಡ ಇರಲೇಬೇಕು; ಆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಬ್ರಶ್ಶಿನಿಂದ ಧೂಳನ್ನೆಲ್ಲ ತೆಗೆಯಿರಿ. ಸಿಮೆಂಟಿನ ಗ್ರೌಟಾದರೆ ಸಂದನ್ನು ತುಸು ತೇವ ಮಾಡಿ, ನೀರು ನಿಲ್ಲದಂತೆ ನೋಡಿಕೊಳ್ಳಿರಿ. ಪೊಟ್ಟಣದ ಮೇಲೆ ಬರೆದಷ್ಟೇ ನೀರು ಹಾಕಿ ಗಟ್ಟಿಯಾದ ಚಟ್ನಿಯ ಹದಕ್ಕೆ ಕಲಸಿ, ಹತ್ತು ನಿಮಿಷ ಬಿಟ್ಟು, ಇನ್ನೊಮ್ಮೆ ತಿರುವಬೇಕು. ರಬ್ಬರಿನ ಹಲಗೆಯಿಂದ ಸಂದಿಗೆ ಅಡ್ಡಡ್ಡವಾಗಿ, ಓರೆಯಾಗಿ ಎಳೆಯುತ್ತ ಒಳಕ್ಕೆ ಒತ್ತಬೇಕು. ಸಂದಿನ ಉದ್ದಕ್ಕೇ ಎಳೆದರೆ ತುಂಬಿದ್ದು ಹೊರಗೆ ಬರುತ್ತದೆ. ಸುಮಾರು ಕಾಲುಗಂಟೆಯ ಮೇಲೆ, ಚೆನ್ನಾಗಿ ಹಿಂಡಿದ ಸ್ಪಂಜಿನಿಂದ ಹಗುರವಾಗಿ ಒರಸಬೇಕು. ಒಂದು ದಿನ ಆ ನೆಲವನ್ನು ಬಳಸಕೂಡದು. ನಡುನಡುವೆ ತೇವದ ಬಟ್ಟೆ ಆಡಿಸಿದರೆ ಸಿಮೆಂಟು ಬಲಗೊಳ್ಳುತ್ತದೆ.

ಎಪಾಕ್ಸಿಯ ಕ್ರಮ ಇದಕ್ಕೆ ವಿರುದ್ಧ. ಸಂದು ಪೂರ್ತಿ ಒಣಗಿರಬೇಕು. ತೆಳುವಾಗಲೆಂದು ನೀರನ್ನಾಗಲಿ ಬೇರೆ ದ್ರವವನ್ನಾಗಲಿ ಬೆರೆಸಬಾರದು. ಡಬ್ಬಿಯಲ್ಲಿ ಕೊಟ್ಟ ಭಾಗಗಳನ್ನು ಕೊಟ್ಟ ಪ್ರಮಾಣದಲ್ಲಿಯೇ ಕೂಡಿಸಬೇಕು. ನಮ್ಮ ಸೆಕೆಯಲ್ಲಿ ಅದು ಬಹು ಬೇಗ ಬಿಗಿಯುವುದರಿಂದ ಸ್ವಲ್ಪ ಸ್ವಲ್ಪವಾಗಿಯೇ ಕಲಸಿಕೊಳ್ಳುವುದು ಮೇಲು. ಟೈಲಿನ ಮೇಲೆ ಉಳಿದದ್ದನ್ನು ಆಗಲೇ ಒರಸದಿದ್ದರೆ ಮರುದಿನ ಉಳಿಯಿಂದಲೂ ಬಾರದು. ಕೈಗೆ ಕೈಚೀಲ ಅವಶ್ಯ. ಚರ್ಮಕ್ಕೆ ತಗುಲಿದರೆ ತುರಿಕೆ ಹತ್ತುವುದುಂಟು.

ಸಿಲಿಕೋನಿನ ಗುಟ್ಟು ಒಂದೇ: ಒಣಗಿದ, ಶುಚಿಯಾದ ಜಾಗ. ಹಳೆಯ ಸಿಲಿಕೋನನ್ನು ಬ್ಲೇಡಿನಿಂದ ಪೂರ್ತಿ ಕಿತ್ತು ತೆಗೆಯಬೇಕು, ಏಕೆಂದರೆ ಹಳೆಯದರ ಮೇಲೆ ಹೊಸದು ಸರಿಯಾಗಿ ಹಿಡಿಯುವುದಿಲ್ಲ. ಒಂದೆರಡು ದಿನ ಫ್ಯಾನು ಹಚ್ಚಿ ಒಣಗಿಸಿರಿ. ಸಂದಿನ ಎರಡೂ ಬದಿಗೆ ಕಾಗದದ ಟೇಪು ಅಂಟಿಸಿ. ಸಂದು ಆಳವಾಗಿದ್ದರೆ ಮೊದಲು ಸ್ಪಂಜಿನ ದಾರವನ್ನು ತುರುಕಿ ತುಂಬಬೇಕು. ನಳಿಕೆಯ ತುದಿಯನ್ನು ಸಂದಿನ ಅಗಲಕ್ಕೆ ಓರೆಯಾಗಿ ಕತ್ತರಿಸಿ, ನಡುವೆ ನಿಲ್ಲಿಸದೆ ಒಂದೇ ಎಳೆಯಾಗಿ ಬಿಡುತ್ತ ಹೋಗಿರಿ. ಐದು ನಿಮಿಷದೊಳಗೆ ಸಾಬೂನಿನ ನೀರಿನಲ್ಲಿ ಅದ್ದಿದ ಬೆರಳಿನಿಂದ ಒಮ್ಮೆ ಸವರಿ, ಟೇಪನ್ನು ಆಗಲೇ ತೆಗೆಯಿರಿ. ಸಿಲಿಕೋನು ಗಾಳಿಯಲ್ಲಿನ ತೇವವನ್ನು ಹೀರಿ, ಹೊರಗಿನಿಂದ ಒಳಕ್ಕೆ ದಿನಕ್ಕೆ ಎರಡು ಮೂರು ಮಿಲಿಮೀಟರಿನಂತೆ ಗಟ್ಟಿಯಾಗುತ್ತದೆ. ಆದಕಾರಣ ಒಂದು ದಿನವಾದರೂ ನೀರು ತಾಗಿಸಬಾರದು.

ಕೊಳ್ಳುವಾಗ ಇನ್ನೊಂದು ವಿವೇಚನೆ ಬೇಕು. ವಿನಿಗರಿನ ಹುಳಿ ವಾಸನೆ ಬರುವ ಸಿಲಿಕೋನು ಗಟ್ಟಿಯಾಗುವಾಗ ಅಸಿಟಿಕ್ ಆಮ್ಲವನ್ನು ಬಿಡುತ್ತದೆ. ಮೆರುಗಿನ ಟೈಲಿಗೆ ಅದರಿಂದ ಬಾಧೆಯಿಲ್ಲ. ಅಮೃತಶಿಲೆಗೆ, ಮತ್ತು ನಮ್ಮ ಕಲಬುರ್ಗಿ ಜಿಲ್ಲೆಯಿಂದ ಬಂದು ಈ ಊರಿನ ಎಷ್ಟೋ ಮೋರಿಗಳಲ್ಲಿ ನೆಲೆಸಿರುವ ಶಹಾಬಾದ ಫರಸಿಗೆ ಅದು ಒಗ್ಗದು. ಎರಡೂ ಸುಣ್ಣದ ಅಂಶವುಳ್ಳ ಕಲ್ಲುಗಳು. ಅಲ್ಲಿಗೆ ಹುಳಿ ವಾಸನೆಯಿಲ್ಲದ, ನ್ಯೂಟ್ರಲ್ ಎಂದು ಬರೆದ ಬಗೆಯನ್ನು ಕೇಳಿ ತನ್ನಿರಿ. ಬೂಷ್ಟು ಹಿಡಿಯದಂತೆ ಔಷಧ ಬೆರೆಸಿದ, ಬಚ್ಚಲಿಗೆಂದೇ ಮಾಡಿದ ಸಿಲಿಕೋನು ಸಿಗುತ್ತದೆ, ಅದೇ ಇರಲಿ.

ಇಷ್ಟೆಲ್ಲ ಹೇಳಿದ ಮೇಲೆ ಮಿತಿಯನ್ನೂ ಹೇಳಬೇಕಾದದ್ದು ನ್ಯಾಯ. ಸಂದು ತುಂಬುವುದರಿಂದ ಕೆಳಗಿಳಿಯುವ ನೀರು ಕಡಿಮೆಯಾಗುತ್ತದೆ, ಅನೇಕ ಸಲ ನಿಂತೂ ಹೋಗುತ್ತದೆ. ಆದರೆ ಕೆಳಗಿನ ಲೇಪ ಪೂರ್ತಿ ಕೆಟ್ಟಿದ್ದರೆ, ಅಥವಾ ಕೊಳವೆಯೇ ಒಡೆದಿದ್ದರೆ, ಮೇಲಿನ ಗ್ರೌಟು ಗಾಯದ ಮೇಲೆ ಪಟ್ಟಿ ಕಟ್ಟಿದಂತೆ. ಆಗ ನೆಲ ತೆಗೆಸಿ ಹೊಸ ಲೇಪ ಹಾಕಿಸುವುದೇ ದಾರಿ. ಹಾಗೆ ಹಾಕಿಸುವಾಗ ಲೇಪವನ್ನು ಗೋಡೆಯ ಮೇಲೂ ಒಂದಡಿಯಾದರೂ ಏರಿಸಿರಬೇಕು, ಟೈಲು ಹಾಕುವ ಮೊದಲು ಒಂದೆರಡು ದಿನ ನೀರು ನಿಲ್ಲಿಸಿ ಪರೀಕ್ಷಿಸಬೇಕು. ಟೈಲು ಹಾಕಿದ ಮೇಲೆ ಪರೀಕ್ಷಿಸಿ ಏನು ಫಲ?

ಕೆಳಗಿನ ಮನೆಯವರು ತಮ್ಮ ಮಾಳಿಗೆಗೆ ಪ್ಲಾಸ್ಟರು ಬಳಿದು, ಬಣ್ಣ ಹಚ್ಚಿ ಸೋರಿಕೆಯನ್ನು ತಡೆಯಲು ಯತ್ನಿಸುವುದನ್ನು ನಾವೆಲ್ಲರೂ ಕಂಡಿದ್ದೇವೆ. ಅದು ಒಂದು ಮಳೆಗಾಲವೂ ಬಾಳುವುದಿಲ್ಲ. ಅಷ್ಟೇ ಅಲ್ಲ, ಅದು ಅಪಾಯವನ್ನು ಮುಚ್ಚಿಡುತ್ತದೆ. ಸ್ಲ್ಯಾಬಿನೊಳಗಿನ ಕಬ್ಬಿಣಕ್ಕೆ ನೀರು ತಗುಲಿ ತುಕ್ಕು ಹಿಡಿದರೆ, ಆ ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗವನ್ನು ಬೇಡುತ್ತದೆ. ಒಳಗಿನಿಂದ ಒತ್ತಿ ಕಾಂಕ್ರೀಟನ್ನು ಸೀಳುತ್ತದೆ. ಒಂದು ದಿನ ಮಾಳಿಗೆಯ ಹೊಪ್ಪಳಿಕೆ ಕಳಚಿ ಬೀಳುತ್ತದೆ. ಕೆಳಗೆ ಮಕ್ಕಳಿರಬಹುದು, ಮುದುಕರಿರಬಹುದು. 30 ವರ್ಷ ದಾಟಿದ ಕಟ್ಟಡಗಳ ದೃಢತೆಯನ್ನು ಪರೀಕ್ಷಿಸಿ ಪ್ರಮಾಣಪತ್ರ ಪಡೆಯಬೇಕೆಂದು ಮುಂಬಯಿ ನಗರಪಾಲಿಕೆಯ ಕಾಯದೆ ವಿಧಿಸಿರುವುದು ಸುಮ್ಮನೆ ಅಲ್ಲ. ಕಟ್ಟಡಗಳ ಆಯುಷ್ಯವನ್ನು ತಿನ್ನುವ ಶತ್ರುಗಳಲ್ಲಿ ಬಚ್ಚಲಿನ ನೀರು ಮುಖ್ಯವಾದುದು.

ಖರ್ಚು ಯಾರದು ಎಂಬ ಪ್ರಶ್ನೆಗೆ ಬರುತ್ತೇನೆ. ಮಹಾರಾಷ್ಟ್ರದ ಸಹಕಾರಿ ಗೃಹನಿರ್ಮಾಣ ಸಂಘಗಳ ಮಾದರಿ ಉಪವಿಧಿಗಳಲ್ಲಿ ಇದರ ಹಂಚಿಕೆಯಿದೆ. ಮಳೆನೀರಿನ ಸೋರಿಕೆ, ಹೊರಗಿನ ಸಾಮಾನ್ಯ ಕೊಳವೆಗಳ ಸೋರಿಕೆ ಸೊಸೈಟಿಯ ಹೊಣೆ. ಮನೆಯೊಳಗಿನ ಬಚ್ಚಲು, ಸಿಂಕು ಮುಂತಾದವುಗಳ ಸೋರಿಕೆ ಆಯಾ ಸದಸ್ಯರ ಹೊಣೆ. ಉಪವಿಧಿ ಇಷ್ಟು ಸ್ಪಷ್ಟವಿದ್ದರೂ ಜಗಳಗಳು ನಿಂತಿಲ್ಲ. "ನಮ್ಮ ನೆಲ ಒಣಗಿದೆ, ಬೇಕಾದರೆ ಬಂದು ನೋಡಿ" ಎಂದು ಮೇಲಿನವರು. "ನಮ್ಮ ಮಾಳಿಗೆ ನೋಡಿ, ಆಮೇಲೆ ಮಾತಾಡಿ" ಎಂದು ಕೆಳಗಿನವರು. ಇಬ್ಬರೂ ನಿಜವನ್ನೇ ಹೇಳುತ್ತಿದ್ದಾರೆ. ಮೇಲೆ ನೆಲ ಒಣಗಿರುವುದು ನೀರು ಕೆಳಗೆ ಇಳಿದದ್ದರಿಂದಲೇ ಅಲ್ಲವೆ? ಆದುದರಿಂದ ನನ್ನ ವಿನಂತಿ ಇಷ್ಟೆ. ದೂರಿನ ಪತ್ರ ಬರೆಯುವುದಕ್ಕೆ ಮೊದಲು ಇಬ್ಬರೂ ಕೂಡಿ ಪರೀಕ್ಷೆ ಮಾಡಿರಿ. ಪರೀಕ್ಷೆಯಲ್ಲಿ ಕಂಡದ್ದನ್ನು ಇಬ್ಬರೂ ಒಪ್ಪುತ್ತಾರೆ. ಬಾಯಿಮಾತನ್ನು ಯಾರೂ ಒಪ್ಪುವುದಿಲ್ಲ. ಮೇಲಿನ ಮನೆಯಲ್ಲಿರುವವರಿಗೆ ಸೋರಿಕೆ ಕಾಣುವುದಿಲ್ಲ, ಕಾಡುವುದೂ ಇಲ್ಲ. ಕಾಣದ ಕಷ್ಟಕ್ಕೆ ಕೈಯಿಂದ ಹಣ ಹಾಕುವುದೇ ನೆರೆಯವನ ನಿಜವಾದ ಧರ್ಮ.

ಇನ್ನು ಕೆಲಸ ಮಾಡುವವರ ವಿಷಯವಾಗಿ ಎರಡು ಮಾತು. ಮುಂಬಯಿ ಪುಣೆಗಳ ಕಟ್ಟಡ ಕೆಲಸದಲ್ಲಿ ಉತ್ತರ ಕರ್ನಾಟಕದ ಕೈಗಳು ಬಹುಕಾಲದಿಂದ ದುಡಿದಿವೆ. ನಾವು ಅವರಿಗೆ "ಸಂಜೆಯೊಳಗೆ ಮುಗಿಸಪ್ಪ, ನಾಳೆ ಬೆಳಿಗ್ಗೆ ಸ್ನಾನಕ್ಕೆ ಬೇಕು" ಎನ್ನುತ್ತೇವೆ; ಆಮೇಲೆ ಕೆಲಸ ನಿಲ್ಲಲಿಲ್ಲವೆಂದು ದೂರುತ್ತೇವೆ. ಕೆರೆಯಲು ಒಂದು ದಿನ, ಒಣಗಲು ಎರಡು ದಿನ, ತುಂಬಲು ಒಂದು ದಿನ, ಬಿಗಿಯಲು ಒಂದು ದಿನ. ಅಷ್ಟು ದಿನ ನೆರೆಮನೆಯ ಬಚ್ಚಲನ್ನು ಬೇಡಿಕೊಳ್ಳುವ ಮಟ್ಟಿಗಾದರೂ ನೆರೆಯವರೊಡನೆ ಸಲಿಗೆ ಇಟ್ಟುಕೊಳ್ಳಬೇಕು! ನಮ್ಮ ಹಿಂದಿನ ಗಾರೆಯವರು ಸುಣ್ಣಕ್ಕೆ ಇಟ್ಟಿಗೆಯ ಪುಡಿ ಕೂಡಿಸಿ, ಬೆಲ್ಲದ ನೀರು, ಅಳಲೆಕಾಯಿಯ ನೀರು ಬೆರೆಸಿ ದಿನಗಟ್ಟಲೆ ಕೊಳೆಯಿಸಿ ಅರೆಯುತ್ತಿದ್ದರು. ಅವರ ಗಾರೆ ಬಾಳಿದ್ದು ಬೆಲ್ಲದಿಂದ ಮಾತ್ರವಲ್ಲ, ಅದಕ್ಕೆ ಕೊಟ್ಟ ದಿನಗಳಿಂದಲೂ ಹೌದು. ಸಾಮಗ್ರಿ ಬದಲಾಗಿದೆ, ಕೆಲಸಕ್ಕೆ ಕಾಲ ಬೇಕೆಂಬ ನಿಯಮ ಬದಲಾಗಿಲ್ಲ.

ಜೂನಿನಲ್ಲಿ ಮಳೆ ಹಿಡಿದ ಮೇಲೆ ಈ ಊರಿನಲ್ಲಿ ಯಾವ ಸಂದೂ ಸುಲಭವಾಗಿ ಒಣಗುವುದಿಲ್ಲ. ಅಕ್ಟೋಬರಿನಿಂದ ಮೇ ತಿಂಗಳವರೆಗೆ ಈ ಕೆಲಸಕ್ಕೆ ಅನುಕೂಲ. ವರ್ಷಕ್ಕೊಮ್ಮೆ, ಬೇಸಗೆಯಲ್ಲಿ, ಬಚ್ಚಲು ಒಣಗಿರುವಾಗ ಒಂದು ಬ್ಯಾಟರಿ ಹಿಡಿದು ಕುಳಿತು ಗೋಡೆಯ ಬುಡದ ಸುತ್ತ, ಟ್ರ್ಯಾಪಿನ ಸುತ್ತ, ಕಮೋಡಿನ ಸುತ್ತ ನೋಡಿರಿ. ಕಪ್ಪು ಗೆರೆ, ಬಿಳಿಯ ಉಪ್ಪಿನ ಹೂ, ಅಲುಗುವ ಟೈಲು, ಈ ಮೂರರಲ್ಲಿ ಒಂದು ಕಂಡರೂ ಆ ವಾರವೇ ಕೆಲಸ ಹಿಡಿಯಿರಿ. ಆ ಹೊತ್ತಿಗೆ ಅದು ಒಂದು ನಳಿಕೆ ಸಿಲಿಕೋನಿನ ಖರ್ಚು. ಬಿಟ್ಟರೆ ಮುಂದೆ ಅದೇ ಒಂದು ಸ್ಲ್ಯಾಬಿನ ಖರ್ಚಾಗುತ್ತದೆ.

 ಯಾರಿಗಾದರೂ ತಮ್ಮ ಮನೆಯ ಸಂದೇಹಗಳಿದ್ದರೆ ಈಗ ಕೇಳಬಹುದು.